ಕಾಲಿಗೆ ಮುಳ್ಳು ಹೊಕ್ಕರೂ ಅಪ್ಪನಿಗೆ ಗೊತ್ತಾಗಲಿಲ್ಲ: ಹಳೇ ಶುಗರ್ ಇರುವವರು ಏನೇನು ನೋಡಿಸಬೇಕು?

ತೋಟದಮನೆ, ತೀರ್ಥಹಳ್ಳಿ ಕಡೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಅರವತ್ತರ ಮೇಲಾಗಿದೆ. ಶುಗರ್ ಬಂದು ಹದಿನೈದು ವರ್ಷ ದಾಟಿತು. ಮಾತ್ರೆ ತಪ್ಪಿಸುವವರಲ್ಲ. ತಿಂಗಳಿಗೊಮ್ಮೆ ಪೇಟೆಗೆ ಹೋದಾಗ ಖಾಲಿ ಹೊಟ್ಟೆಯ ಶುಗರ್ ನೋಡಿಸುತ್ತಾರೆ. 120, 130 ಬಂದರೆ ಖುಷಿಯಲ್ಲಿ ಮಸಾಲೆ ದೋಸೆ ತಿಂದು ಬರುತ್ತಾರೆ.

ಮೊನ್ನೆ ಅಡಿಕೆಗೆ ಕೊಳೆ ಔಷಧಿ ಹೊಡೆಸುವ ದಿನ ಬೆಳಗಿನಿಂದ ತೋಟದಲ್ಲೇ ಇದ್ದರು. ಸಂಜೆ ಕಾಲು ತೊಳೆಯುವಾಗ ನೀರು ಕೆಂಪಾಯಿತು. ಉಂಬಳ (ಜಿಗಣೆ) ಕಚ್ಚಿರಬೇಕು ಅಂತ ಅಮ್ಮ ಸುಣ್ಣ ತಂದರು. ನೋಡಿದರೆ ಹೆಬ್ಬೆರಳ ಬುಡದಲ್ಲಿ ಮುಳ್ಳು, ಪೂರ್ತಿ ಒಳಗೆ ಹೋಗಿದೆ. ಅದರ ಮೇಲೇ ದಿನವಿಡೀ ಓಡಾಡಿದ್ದಾರೆ. "ನೋವೇ ಇಲ್ಲವಲ್ಲ, ಏನಾಗಲ್ಲ ಬಿಡು" ಅನ್ನುತ್ತಾರೆ. ನನಗೆ ಹೆದರಿಕೆ ಆಗಿದ್ದೇ ಆ ನೋವಿಲ್ಲದ್ದಕ್ಕೆ. ಮುಳ್ಳು ತೆಗೆಸಿ, ಟಿಟಿ ಹಾಕಿಸಿ ಆಗಿದೆ. ಶುಗರ್ ಕಂಟ್ರೋಲ್‌ನಲ್ಲಿ ಇದ್ದರೂ ಹೀಗಾಗುತ್ತದಾ? ಬೇರೆ ಏನೇನು ನೋಡಿಸಬೇಕು? ಗೊತ್ತಿರುವವರು ಹೇಳಿ.

ಹಳ್ಳಿ ಡಾಕ್ಟರ್

ಹೆದರಿದ್ದು ಒಳ್ಳೆಯದೇ ಆಯಿತು. ನೋವಿಲ್ಲ ಅಂದರೆ ಗಾಯ ಸಣ್ಣದು ಅಂತಲ್ಲ, ನರ ಸುದ್ದಿ ಮುಟ್ಟಿಸುತ್ತಿಲ್ಲ ಅಂತ. ಸಕ್ಕರೆ ವರ್ಷಗಟ್ಟಲೆ ಏರಿಕೊಂಡಿದ್ದರೆ ಉದ್ದದ ನರಗಳು ಮೊದಲು ಸೊರಗುತ್ತವೆ. ಎಲ್ಲಕ್ಕಿಂತ ಉದ್ದದ್ದು ಪಾದಕ್ಕೆ ಹೋಗುವ ನರ. ಅದಕ್ಕೇ ಬೆರಳ ತುದಿಯಲ್ಲಿ ಶುರುವಾಗಿ ಮೀನಖಂಡದ ಕಡೆಗೆ ಏರುತ್ತದೆ. ಕೆಲವರಿಗೆ ಉರಿ, ಜೋಮು, ರಾತ್ರಿ ಹೊದಿಕೆ ತಾಗಿದರೂ ಹಿಂಸೆ. ಇನ್ನು ಕೆಲವರಿಗೆ ಏನೂ ಇಲ್ಲ, ಸುಮ್ನೆ ಸ್ಪರ್ಶ ಹೋಗಿಬಿಟ್ಟಿರುತ್ತದೆ. ಈ ಎರಡನೆಯವರ ಬಗ್ಗೆಯೇ ನನಗೆ ಜಾಸ್ತಿ ಚಿಂತೆ. ಅವರು ಆಸ್ಪತ್ರೆಗೇ ಬರುವುದಿಲ್ಲ.

ಇದನ್ನು ನೋಡುವುದು ಬಹಳ ಸುಲಭ. ಒಂದು ಹಿಡಿಕೆ, ಅದರ ತುದಿಗೆ ಗಾಳದ ದಾರದ ದಪ್ಪದ ನೈಲಾನ್ ಎಳೆ. ಪಾದಕ್ಕೆ ನೆಟ್ಟಗೆ ಒತ್ತಿದರೆ 10 ಗ್ರಾಂ ಭಾರಕ್ಕೆ ಎಳೆ ಬಾಗುತ್ತದೆ. ರೋಗಿ ಕಣ್ಣು ಮುಚ್ಚಿರಬೇಕು. ಹೆಬ್ಬೆರಳ ಅಡಿ, ಬೆರಳುಗಳ ಬುಡ, ಹೀಗೆ ಒಂದೊಂದೇ ಕಡೆ ಒತ್ತುತ್ತಾ ಹೋಗುತ್ತೇವೆ. ಮುಟ್ಟಿದ್ದು ಗೊತ್ತಾದಾಗ "ಹೂಂ" ಅನ್ನಬೇಕು, ಅಷ್ಟೇ. ಎಳೆ ಬಾಗಿ ನಿಂತಿರುತ್ತದೆ, ಅವರು "ಇನ್ನೂ ಶುರು ಮಾಡಿಲ್ವಾ ಡಾಕ್ಟ್ರೇ?" ಅಂತ ಕೇಳುತ್ತಾರೆ. ಪಕ್ಕದಲ್ಲಿ ನಿಂತ ಮಗನ ಮುಖ ಆಗ ನೋಡಬೇಕು. ಅಪ್ಪ ಇಷ್ಟು ದಿನ ಸುಳ್ಳು ಹೇಳುತ್ತಿರಲಿಲ್ಲ, ನಿಜಕ್ಕೂ ಗೊತ್ತಾಗುತ್ತಿರಲಿಲ್ಲ ಅಂತ ಅವನಿಗೆ ಅರ್ಥವಾಗುವುದು ಅಲ್ಲಿಯೇ.

ಶುಗರ್ ಕಂಟ್ರೋಲ್ ಅಂದಿರಲ್ಲ, ಖಾಲಿ ಹೊಟ್ಟೆಯದ್ದು ಆ ಒಂದು ಬೆಳಗಿನ ಲೆಕ್ಕ. ಉಳಿದ ಹೊತ್ತಿನದು ಅದರಲ್ಲಿ ಬರುವುದಿಲ್ಲ, ಮೊದಲ ಐದಾರು ವರ್ಷ ಹೇಗಿತ್ತು ಅನ್ನುವುದೂ ಬರುವುದಿಲ್ಲ. ನೋಡಿಸಬೇಕಾದ್ದು: ಎಚ್‌ಬಿಎ1ಸಿ, ಮೂತ್ರದ ಎಸಿಆರ್ (ಮೂತ್ರಕ್ಕೆ ಸೋರುವ ಅಲ್ಬುಮಿನ್ ಅನ್ನುವ ಪ್ರೋಟೀನಿನ ಲೆಕ್ಕ), ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ ರಕ್ತದಲ್ಲಿ ಎಷ್ಟಿದೆ ಅಂತ), ಕಣ್ಣಿನ ಪರದೆ (ರೆಟಿನಾ), ಪಾದ, ಬಿಪಿ, ಕೊಲೆಸ್ಟ್ರಾಲ್. ಎಲ್ಲ ಚೆನ್ನಾಗಿದ್ದರೂ ಮುಕ್ಕಾಲು ಪಾಲು ಪರೀಕ್ಷೆ ವರ್ಷಕ್ಕೊಮ್ಮೆ ಆಗಲೇಬೇಕು. ಬಿಪಿಯನ್ನು ಮಾತ್ರ ಹೋದಾಗಲೆಲ್ಲ ನೋಡಿಸಿ.

ಲ್ಯಾಬ್ ಕಿಟಕಿ

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಶುಗರ್‌ನವರು ಕೇಳುವುದು ಊಟದ ಮೊದಲು, ಊಟದ ನಂತರ, ಇವೆರಡೇ. ಟೆಸ್ಟ್ ಇದೆ ಅಂತ ಎರಡು ದಿನ ಅನ್ನ ಬಿಟ್ಟು ಬರುವವರೂ ಇದ್ದಾರೆ. ಎಚ್‌ಬಿಎ1ಸಿ ಮುಂದೆ ಆ ಆಟ ನಡೆಯುವುದಿಲ್ಲ, ಅದು ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ. ಆದರೆ ಅದಕ್ಕೂ ಮಿತಿ ಇದೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಇರುವುದಕ್ಕಿಂತ ಜಾಸ್ತಿ ಬರಬಹುದು. ಡಯಾಲಿಸಿಸ್ ಆಗುವವರಿಗೆ ಕಡಿಮೆ ಬರುತ್ತದೆ.

ಮೂತ್ರದ ವಿಷಯ ಒಂದು ಹೇಳಲೇಬೇಕು. ಮಾಮೂಲಿ ಪಟ್ಟಿ ಅದ್ದಿ ನೋಡಿ "ಅಲ್ಬುಮಿನ್ ನಿಲ್" ಅಂತ ಬರೆದ ರಿಪೋರ್ಟ್ ನಂಬಿ ಕೂರಬೇಡಿ. ಸಣ್ಣ ಪ್ರಮಾಣದ ಸೋರಿಕೆ ಆ ಪಟ್ಟಿಗೆ ಸಿಗುವುದಿಲ್ಲ. ಎಸಿಆರ್ ಅಂತಲೇ ಬರೆಸಿಕೊಂಡು ಬನ್ನಿ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಒಳಗಿದ್ದರೆ ಸರಿ. 30ರಿಂದ 300 ಅಂದರೆ ಕಿಡ್ನಿಯ ಜರಡಿ ಸೋರಲು ಶುರುವಾಗಿದೆ. 300 ದಾಟಿದರೆ ಜಾಸ್ತಿ ಆಗಿದೆ ಅಂತ. ಜ್ವರ, ಉರಿಮೂತ್ರ ಇದ್ದಾಗ ಸುಮ್ಮನೆ ಏರುತ್ತದೆ, ಅದಕ್ಕೇ ಒಂದೇ ಸಲ ನೋಡಿ ಹೆದರಬಾರದು. ಮೂರು ತಿಂಗಳು, ಆರು ತಿಂಗಳ ಒಳಗೆ ಮತ್ತೆ ನೋಡಬೇಕು.

ಕ್ರಿಯಾಟಿನಿನ್ ನಾರ್ಮಲ್ ಇದೆ ಅಂತ ನಿಶ್ಚಿಂತೆಯಿಂದ ಇರುವವರೇ ಜಾಸ್ತಿ. ಕಿಡ್ನಿ ಹತ್ತಿರ ಹತ್ತಿರ ಅರ್ಧ ಕೆಲಸ ನಿಲ್ಲಿಸುವವರೆಗೂ ಅದು ನಾರ್ಮಲ್ ಗೆರೆಯ ಒಳಗೇ ಇರಬಹುದು.

ಭದ್ರಾವತಿ ಹಿರಿಯ

ಎಲ್ಲರೂ ಸೇರಿ ಪಾಪ ಆ ಹುಡುಗನನ್ನು ಹೆದರಿಸಬೇಡಿ. ನನಗೆ ಶುಗರ್ ಬಂದಾಗ ನನ್ನ ಮಗಳಿಗಿನ್ನೂ ಮದುವೆ ಆಗಿರಲಿಲ್ಲ, ಈಗ ಮೊಮ್ಮಗ ಕಾಲೇಜಿಗೆ ಹೋಗುತ್ತಾನೆ. ಕಾರ್ಖಾನೆಯಲ್ಲಿ ಪಾಳಿ ಕೆಲಸ, ಊಟಕ್ಕೆ ಹೊತ್ತು ಗೊತ್ತು ಇರಲಿಲ್ಲ. ಆದರೂ ಕಣ್ಣು, ಕಿಡ್ನಿ, ಕಾಲು ಎಲ್ಲ ನೆಟ್ಟಗಿದೆ. ಬಿಪಿ ಮಾತ್ರೆ ಒಂದು ದಿನ ಬಿಟ್ಟವನಲ್ಲ. ಬೀಡಿ ಬಿಟ್ಟೆ. ಶುಗರ್ ಬಂದವರೆಲ್ಲ ಕಾಲು ಕಳೆದುಕೊಳ್ಳುವುದಿಲ್ಲ.

ಹಳ್ಳಿ ಡಾಕ್ಟರ್

ಹಿರಿಯರ ಮಾತಿಗೆ ನನ್ನ ಒಪ್ಪಿಗೆ. ಅವರು ಸುಮ್ಮನೆ ಹೇಳಿಬಿಟ್ಟ ಬಿಪಿ ಮಾತ್ರೆಯೇ ದೊಡ್ಡ ವಿಷಯ. ಬ್ರಿಟನ್ನಿನಲ್ಲಿ ಹೊಸದಾಗಿ ಟೈಪ್ 2 (ದೊಡ್ಡವರಿಗೆ ಸಾಮಾನ್ಯವಾಗಿ ಬರುವ ಶುಗರ್) ಬಂದ ಐದು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ನೋಡಿದ ಯುಕೆಪಿಡಿಎಸ್ ಅಂತ ಒಂದು ಅಧ್ಯಯನ ಇದೆ. 1998ರಲ್ಲಿ ಫಲಿತಾಂಶ ಬಂತು. ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಿಗೆ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳದ ತೊಂದರೆ ನಾಲ್ಕರಲ್ಲಿ ಒಂದು ಪಾಲು ಕಡಿಮೆಯಾಯಿತು. ಬಿಪಿಯನ್ನು ಬಿಗಿಯಾಗಿ ಹಿಡಿದವರಿಗೆ ಇದೇ ತೊಂದರೆ 37 ಶೇಕಡಾ ಕಡಿಮೆ, ಪಾರ್ಶ್ವವಾಯು 44 ಶೇಕಡಾ ಕಡಿಮೆ. ನಮ್ಮವರು ಸಕ್ಕರೆಗೆ ಅಂಜುತ್ತಾರೆ, ಬಿಪಿಗೆ ಅಂಜುವುದಿಲ್ಲ. ಗಂಜಿಗೆ ಅಪ್ಪೆಮಿಡಿ ಉಪ್ಪಿನಕಾಯಿ ರಸ ಸಮೇತ ಸುರಿದುಕೊಳ್ಳುತ್ತಾರೆ.

ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿ. ಕಾಯಿಲೆ ಪತ್ತೆಯಾದ ಹೊತ್ತಿಗೇ ಸುಮಾರು ಅರ್ಧ ಜನರಲ್ಲಿ ಯಾವುದಾದರೂ ಒಂದು ತೊಂದರೆಯ ಗುರುತು ಆಗಲೇ ಇತ್ತು. ಟೈಪ್ 2 ಬರುವ ದಿನಕ್ಕೂ ನಮಗೆ ಗೊತ್ತಾಗುವ ದಿನಕ್ಕೂ ವರ್ಷಗಳ ಅಂತರ ಇರುತ್ತದೆ. "ನನಗೆ ಈಗಷ್ಟೇ ಬಂದಿದೆ, ಕಣ್ಣು ಆಮೇಲೆ ನೋಡಿಸೋಣ" ಅನ್ನುವ ಮಾತು ಅದಕ್ಕೇ ನಡೆಯುವುದಿಲ್ಲ.

ಹೊಸನಗರದವ

ಕಾಲಿನದೇ ಇನ್ನೊಂದು ಇದೆ, ಯಾರೂ ಹೇಳಲಿಲ್ಲ. ನಮ್ಮ ಚಿಕ್ಕಪ್ಪನಿಗೆ ಒಂದು ಪಾದ ಇದ್ದಕ್ಕಿದ್ದಂತೆ ಊದಿತು. ಕೆಂಪು, ಮುಟ್ಟಿದರೆ ಬಿಸಿ. ಗಾಯ ಇಲ್ಲ, ನೋವೂ ಹೇಳಿಕೊಳ್ಳುವಂಥದ್ದಲ್ಲ. ಉಳುಕಿರಬೇಕು ಅಂತ ಉಳುಕು ತೆಗೆಯುವವರ ಹತ್ತಿರ ಹೋದರು. ಎಣ್ಣೆ ಹಚ್ಚಿ ನೀವಿದರು, ಎಳೆದರು, ಸೊಪ್ಪು ಕಟ್ಟಿದರು. ಚಿಕ್ಕಪ್ಪ ಅದೇ ಕಾಲಲ್ಲಿ ಗದ್ದೆಗೂ ಹೋದರು. ಕೊನೆಗೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ ಎಕ್ಸ್‌ರೇ ತೆಗೆಸಿದಾಗ ಪಾದದ ಮೂಳೆಗಳು ಮುರಿದು ಜರುಗಿದ್ದವು. ಶಾರ್ಕೋ ಪಾದ ಅಂದರು, ನರ ಸೊರಗಿದ ಪಾದದಲ್ಲಿ ಗೊತ್ತೇ ಆಗದೆ ಮೂಳೆ ಮುರಿಯುವುದು. ಪಾದದ ಕಮಾನು ಕುಸಿದು ಅಡಿಭಾಗ ಉಬ್ಬಿಬಿಟ್ಟಿದೆ. ಬೇಗ ಬಂದಿದ್ದರೆ ಪ್ಲಾಸ್ಟರ್ ಹಾಕಿ, ಭಾರ ಬಿಡದ ಹಾಗೆ ನೋಡಿಕೊಂಡಿದ್ದರೆ ಆಕಾರ ಉಳಿಯುತ್ತಿತ್ತಂತೆ. ಹಳೇ ಶುಗರ್ ಇದ್ದವರಿಗೆ ಒಂದೇ ಪಾದ ಬಿಸಿಯಾಗಿ ಊದಿದರೆ ನೀವುವುದು ಬೇಡ, ನಡೆಯುವುದೂ ಬೇಡ. ನೇರ ಆಸ್ಪತ್ರೆಗೆ.

ಸೊಪ್ಪು ಸದೆ

ಎಲ್ಲ ಇಂಗ್ಲಿಷ್ ಔಷಧಿಯವರೇ ಇದ್ದೀರಿ. ಹಿತ್ತಲಲ್ಲಿ ಇನ್ಸುಲಿನ್ ಗಿಡ ಇದೆ, ದಿನಾ ಎರಡು ಎಲೆ. ಬಿಂಬುಳಿ ರಸ ಬೆಳಿಗ್ಗೆ ಅರ್ಧ ಲೋಟ, ಕೊಲೆಸ್ಟ್ರಾಲ್ ಶುಗರ್ ಎರಡೂ ಇಳಿಯುತ್ತದೆ. ಮಾತ್ರೆ ತಿಂದೇ ಕಿಡ್ನಿ ಹೋಗುವುದು.

ಲ್ಯಾಬ್ ಕಿಟಕಿ

ಬಿಂಬುಳಿ ರಸ ದಯವಿಟ್ಟು ಬೇಡ. ಸಾರಿಗೆ ಎರಡು ಕಾಯಿ ಹಾಕುವುದು ಬೇರೆ, ಲೋಟಗಟ್ಟಲೆ ರಸ ಕುಡಿಯುವುದು ಬೇರೆ. ಅದರಲ್ಲಿ ಆಕ್ಸಲೇಟ್ ವಿಪರೀತ, ಹರಳಾಗಿ ಕಿಡ್ನಿಯಲ್ಲಿ ಕೂರುತ್ತದೆ. ಕೇರಳದಲ್ಲಿ ಇದೇ ರಸವನ್ನು ಕೊಲೆಸ್ಟ್ರಾಲ್‌ಗೆ ಅಂತ ಕುಡಿದು ದಿಢೀರನೆ ಕಿಡ್ನಿ ಕೆಟ್ಟವರ ಬಗ್ಗೆ ಅಲ್ಲಿನ ಡಾಕ್ಟರುಗಳು ಬರೆದಿದ್ದಾರೆ. ಧಾರೆಹುಳಿಯೂ (ನಕ್ಷತ್ರ ಹಣ್ಣು) ಹಾಗೆಯೇ. ಕಿಡ್ನಿ ಸೊರಗಿದವರಿಗೆ ಒಂದು ಹಣ್ಣೂ ಜಾಸ್ತಿ, ತಲೆಗೇ ಏರುತ್ತದೆ, ಫಿಟ್ಸ್ ಬರಬಹುದು.

ಹಳ್ಳಿ ಡಾಕ್ಟರ್

"ಮಾತ್ರೆ ತಿಂದು ಕಿಡ್ನಿ ಹೋಗುತ್ತದೆ" ಅನ್ನುವ ಮಾತಲ್ಲಿ ಒಂದು ಪಾಲು ನಿಜ ಇದೆ, ಆದರೆ ಮಾತ್ರೆ ಬೇರೆ. ಸೊಂಟ ನೋವು, ಮಂಡಿ ನೋವು ಅಂತ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫಿನಾಕ್ ತರಹದವು ಇವೆಯಲ್ಲ, ಅವು ಶುಗರ್ ಇರುವವರ ಕಿಡ್ನಿಗೆ ದೊಡ್ಡ ಹೊಡೆತ. ಅಡಿಕೆ ಕೊನೆಕೊಯ್ಲಿನ ಕಾಲದಲ್ಲಿ ದಿನಕ್ಕೆರಡು ನುಂಗುವವರನ್ನು ನೋಡಿದ್ದೇನೆ. ಮೆಟ್‌ಫಾರ್ಮಿನ್ ಕಿಡ್ನಿ ಕೆಡಿಸುವುದಿಲ್ಲ. ಕಿಡ್ನಿ ಆಗಲೇ ತುಂಬ ಕೆಟ್ಟಿದ್ದರೆ, ಅಂದರೆ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಲೆಕ್ಕ) 30ಕ್ಕಿಂತ ಕೆಳಗೆ ಹೋದರೆ, ನಿಲ್ಲಿಸುತ್ತೇವೆ ಅಷ್ಟೇ. ವರ್ಷಗಟ್ಟಲೆ ತಿಂದವರಿಗೆ ಬಿ12 ಕಡಿಮೆಯಾಗಬಹುದು. ಅದರಿಂದಲೂ ಕಾಲು ಜೋಮು ಹಿಡಿಯುತ್ತದೆ. ತೋಟದಮನೆಯವರೇ, ಅಪ್ಪನಿಗೆ ಬಿ12 ಕೂಡ ನೋಡಿಸಿ. ಅದು ಸರಿಮಾಡಬಹುದಾದ ಕಾರಣ.

ನಿವೃತ್ತ ಮೇಷ್ಟ್ರು, ಶಿವಮೊಗ್ಗ

ನಮ್ಮ ಅಣ್ಣನ ವಿಷಯ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆದೀತು. ಇಪ್ಪತ್ತು ವರ್ಷದ ಶುಗರ್. ಇನ್ಸುಲಿನ್ ಬೆಳಿಗ್ಗೆ 30, ರಾತ್ರಿ 20 ಯೂನಿಟ್ ತಗೊಳ್ಳುತ್ತಿದ್ದವರು. ಒಂದು ವರ್ಷ ಇದ್ದಕ್ಕಿದ್ದ ಹಾಗೆ ಶುಗರ್ ಇಳಿಯಲು ಶುರುವಾಯಿತು. 70, 60. ಇನ್ಸುಲಿನ್ ಕಮ್ಮಿ ಮಾಡಿದರು, ಆಮೇಲೆ ಒಂದೇ ಹೊತ್ತು, ಆಮೇಲೆ ಅದೂ ಬೇಡವಾಯಿತು. ಮನೆಯಲ್ಲೆಲ್ಲ ಸಂಭ್ರಮ. ಯಾವುದೋ ಕಷಾಯ ಕುಡಿಯುತ್ತಿದ್ದರು, ಅದರ ಪ್ರತಾಪ ಅಂತ ನೆಂಟರಿಗೆಲ್ಲ ಹಂಚಿದರು. ನಡುವೆ ಮುಖ ಊದಿತ್ತು, ಊಟ ಸೇರುತ್ತಿರಲಿಲ್ಲ, ಅದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಉಸಿರು ಕಟ್ಟಿ ಮೆಗ್ಗಾನ್ ಆಸ್ಪತ್ರೆಗೆ ಸೇರಿಸಿದಾಗ ಕ್ರಿಯಾಟಿನಿನ್ 8ರ ಮೇಲೆ.

ಡಾಕ್ಟರ್ ಬಿಡಿಸಿ ಹೇಳಿದರು. ಇನ್ಸುಲಿನ್‌ನ ಒಂದು ಪಾಲನ್ನು ದೇಹದಿಂದ ತೆಗೆಯುವುದು ಕಿಡ್ನಿ. ಕಿಡ್ನಿ ಕೆಟ್ಟರೆ ಇನ್ಸುಲಿನ್ ಒಳಗೇ ಉಳಿದು ಜಾಸ್ತಿ ಹೊತ್ತು ಕೆಲಸ ಮಾಡುತ್ತದೆ. ಸಕ್ಕರೆ ಇಳಿದದ್ದು ಅದಕ್ಕೆ. ಊಟ ಕಮ್ಮಿಯಾದದ್ದೂ ಸೇರಿಕೊಂಡಿತು. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲ ನಾಲ್ಕು ಗಂಟೆ. ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತದೆ. ಆದರೆ ಹಳ್ಳಿಯಿಂದ ಬಂದು ಹೋಗುವ ದಾರಿಯೇ ಅರ್ಧ ಪ್ರಾಣ ತಿನ್ನುತ್ತದೆ. ಜತೆಗೊಬ್ಬರು ಬೇಕು, ಅವರ ಕೂಲಿಯೂ ಹೋಯಿತು. ನೀರಿಗೂ ಲೆಕ್ಕ. ಎಳನೀರು, ಬಾಳೆಹಣ್ಣು ಮುಟ್ಟುವ ಹಾಗಿಲ್ಲ, ಪೊಟ್ಯಾಶಿಯಂ ಏರುತ್ತದೆ. ತೋಟದ ಮನೆಯಲ್ಲಿ ಇದ್ದುಕೊಂಡು!

ಕಾರಣ ಇಲ್ಲದೆ ಶುಗರ್ ಇಳಿಯುತ್ತಾ ಬಂದರೆ ಹಬ್ಬ ಮಾಡುವ ಮೊದಲು ಕ್ರಿಯಾಟಿನಿನ್ ನೋಡಿಸಿ.

ತೋಟದಮನೆ, ತೀರ್ಥಹಳ್ಳಿ ಕಡೆ

ಮೇಷ್ಟ್ರೇ, ಇದು ನಿಜಕ್ಕೂ ಗೊತ್ತಿರಲಿಲ್ಲ. ನಮ್ಮಲ್ಲೂ ಹಾಗೇ ಆಗಿದ್ದರೆ ಪಾಯಸ ಮಾಡಿರುತ್ತಿದ್ದೆವು.

ಸಾಗರದ ಸೊಸೆ

ನನ್ನದು ಟೈಪ್ 1, ಅಂದರೆ ದೇಹ ಇನ್ಸುಲಿನ್ ಮಾಡುವುದನ್ನೇ ನಿಲ್ಲಿಸುವ ಶುಗರ್. ಹೈಸ್ಕೂಲಿನಿಂದ ಇನ್ಸುಲಿನ್ ಮೇಲೆ. ಕಣ್ಣಿನ ವಿಷಯ ನನ್ನ ಪಾಲಿಗಿರಲಿ.

ಪರದೆ ಕೆಡುವುದು ನಿಮಗೆ ಗೊತ್ತಾಗುವುದಿಲ್ಲ. ಓದಲು ಬರುತ್ತದೆ, ಬಸ್ಸಿನ ಬೋರ್ಡ್ ಕಾಣುತ್ತದೆ, ಒಳಗೆ ರಕ್ತನಾಳ ಸೋರುತ್ತಿರುತ್ತದೆ. ಮಸುಕಾದರೆ "ಪೊರೆ ಬಂದಿದೆ" ಅಂತ ವರ್ಷಗಟ್ಟಲೆ ಕಾಯುತ್ತಾರೆ. ಪೊರೆ ಆಪರೇಶನ್ ಆದ ಮೇಲೂ ಕಾಣದಿದ್ದಾಗ ಆಪರೇಶನ್ ಮಾಡಿದವರನ್ನು ಬೈಯುತ್ತಾರೆ. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸುವುದು ಪರದೆಯ ಪರೀಕ್ಷೆ ಅಲ್ಲ. ಹನಿ ಹಾಕಿ, ಪಾಪೆ ದೊಡ್ಡದು ಮಾಡಿ ಒಳಗೆ ನೋಡಬೇಕು. ಟೈಪ್ 2 ಅಂದರೆ ಗೊತ್ತಾದ ಕೂಡಲೇ, ಟೈಪ್ 1 ಅಂದರೆ ಐದು ವರ್ಷದೊಳಗೆ ಒಂದು ಸಲ, ಆಮೇಲೆ ಡಾಕ್ಟರ್ ಹೇಳಿದ ಹಾಗೆ. ಹನಿ ಹಾಕಿದ ಮೇಲೆ ಕೆಲವು ಗಂಟೆ ಬೆಳಕು ಚುಚ್ಚುತ್ತದೆ, ಹತ್ತಿರದ್ದು ಮಂಜು. ಬೈಕ್ ತಗೊಂಡು ಹೋಗಬೇಡಿ. ಬಸ್ಸಿಗೆ ಹೋಗಿ, ಜತೆಗೊಬ್ಬರು ಇರಲಿ.

ನನಗೆ ಲೇಸರ್ ಆಗಿದೆ. ಹೋದ ದೃಷ್ಟಿ ತರುವುದಕ್ಕಲ್ಲ, ಇರುವುದನ್ನು ಉಳಿಸುವುದಕ್ಕೆ ಅಂತ ಮೊದಲೇ ಹೇಳಿದ್ದರು. ಪರದೆಯ ನಡುಭಾಗದಲ್ಲಿ ನೀರು ಕಟ್ಟಿಕೊಂಡವರಿಗೆ ಕಣ್ಣೊಳಗೆ ಇಂಜೆಕ್ಷನ್ ಕೊಡುತ್ತಾರೆ. ಕೇಳಿದರೇ ಮೈ ಜುಂ ಅನ್ನುತ್ತದೆ, ಆದರೆ ಹನಿ ಹಾಕಿ ಮರಗಟ್ಟಿಸಿರುತ್ತಾರೆ. ಅಂದುಕೊಂಡಷ್ಟು ಇಲ್ಲ ಅಂತ ಹಾಕಿಸಿಕೊಂಡವರೇ ಹೇಳುತ್ತಾರೆ.

ಟೈಪ್ 1ನವರಿಗೆ ಧೈರ್ಯ ಕೊಡುವ ಒಂದು ಮಾತು. ಅಮೆರಿಕ, ಕೆನಡಾದಲ್ಲಿ ನಡೆದ ಡಿಸಿಸಿಟಿ ಅಧ್ಯಯನ 1993ರಲ್ಲಿ ಮುಗಿಯಿತು. ಅಧ್ಯಯನ ಶುರುವಾದಾಗ ಕಣ್ಣು ಚೆನ್ನಾಗಿದ್ದವರಲ್ಲಿ, ಸಕ್ಕರೆ ಬಿಗಿ ಹಿಡಿದವರಿಗೆ ಪರದೆ ಕೆಡುವ ಸಾಧ್ಯತೆ 76 ಶೇಕಡಾ ಕಡಿಮೆ ಆಯಿತು. ಆದರೆ ಬಹಳ ಏರಿದ್ದ ಶುಗರ್ ಒಮ್ಮೆಗೇ ಇಳಿಸಿದರೆ ಪರದೆ ಸ್ವಲ್ಪ ದಿನ ಕೆಡುವುದೂ ಉಂಟು. ಹೊಸದಾಗಿ ಇನ್ಸುಲಿನ್ ಶುರುಮಾಡುವಾಗ ಕಣ್ಣು ತೋರಿಸಿಕೊಂಡು ಶುರುಮಾಡಿ.

ಕರೆಂಟು ಹೋಗಿ ಫ್ರಿಜ್ ನಿಂತರೆ ಅಂತ ಮಳೆಗಾಲದಲ್ಲಿ ತುಂಬ ಜನ ಕೇಳುತ್ತಾರೆ. ಬಳಸುತ್ತಿರುವ ಬಾಟಲಿ ನಮ್ಮ ಮಳೆಗಾಲದ ತಂಪಿನಲ್ಲಿ ಹೊರಗಿದ್ದರೂ ಸಾಮಾನ್ಯವಾಗಿ ನಾಲ್ಕು ವಾರ ಏನೂ ಆಗುವುದಿಲ್ಲ. ಬಚ್ಚಲೊಲೆಯ ಪಕ್ಕದ ಗೂಡಲ್ಲಿ ಇಡಬೇಡಿ ಅಷ್ಟೇ.

ಕೊಪ್ಪದಿಂದ

ಎದೆಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಪಕ್ಕದ ಮನೆಯವರಿಗೆ ಹಾರ್ಟ್ ಅಟ್ಯಾಕ್ ಆದಾಗ ಎದೆನೋವೇ ಇರಲಿಲ್ಲ. ಬೆವರು, ಸುಸ್ತು, ಹೊಟ್ಟೆ ಉಬ್ಬರ. ಗ್ಯಾಸ್ ಅಂತ ಸೋಡಾ ಕುಡಿದು ಮಲಗಿದ್ದರು. ಹಳೇ ಶುಗರ್‌ನವರಿಗೆ ಎದೆನೋವಿನ ಸುದ್ದಿಯೂ ಸರಿಯಾಗಿ ಮುಟ್ಟದೇ ಇರಬಹುದಂತೆ. ಅವರಿಗಂತೂ "ಗ್ಯಾಸ್" ಅನ್ನುವ ಮೊದಲು ಇಸಿಜಿ ತೆಗೆಸಿ.

ಹೊಸನಗರದವ

ಭುಜ ಹಿಡಿದುಕೊಳ್ಳುವುದೂ ಶುಗರ್‌ಗೆ ಸಂಬಂಧ ಇದೆಯಾ? ಅಮ್ಮನಿಗೆ ತಲೆ ಬಾಚಿಕೊಳ್ಳಲು ಕೈ ಎತ್ತಲಾಗುತ್ತಿಲ್ಲ.

ಹಳ್ಳಿ ಡಾಕ್ಟರ್

ಇದೆ. ಶುಗರ್ ಇರುವವರಿಗೆ ಭುಜ ಬಿಗಿಯುವುದು ಉಳಿದವರಿಗಿಂತ ಜಾಸ್ತಿ. ವ್ಯಾಯಾಮ ಹೇಳಿಸಿಕೊಳ್ಳಿ, ತಿಂಗಳುಗಳೇ ಹಿಡಿಯುತ್ತದೆ. ಹಲ್ಲಿನ ವಸಡೂ ಹಾಗೆಯೇ, ನೋಡಿಸಿ.

ಮಳೆಗಾಲ ಆದ್ದರಿಂದ ಇನ್ನೊಂದು ಮಾತು. ಜ್ವರ ಬಂದು ವಾರಗಟ್ಟಲೆ ಬಿಡದಿದ್ದರೆ ಅಂಗಡಿ ಮಾತ್ರೆಯಲ್ಲಿ ಕಾಲ ಕಳೆಯಬೇಡಿ. ಕ್ಷಯ ಶುಗರ್‌ನವರಿಗೆ ಬೇಗ ಅಂಟುತ್ತದೆ. ಮಣ್ಣು, ಕೆಸರು ನೀರಿನಿಂದ ಬರುವ ಮೆಲಿಯಾಯ್ಡೋಸಿಸ್ ಅಂತ ಒಂದಿದೆ, ಘಟ್ಟದ ಕೆಳಗೆ ಕರಾವಳಿಯಲ್ಲಿ ಮಳೆಗಾಲದಲ್ಲಿ ಕಾಣುತ್ತಾರೆ. ಅದು ಬರುವವರಲ್ಲಿ ಹೆಚ್ಚಿನವರು ಶುಗರ್ ಇರುವವರೇ. ಗದ್ದೆ, ತೋಟದ ಕೆಲಸ ಮಾಡುತ್ತೇನೆ, ಶುಗರ್ ಇದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಮೆಡಿಕಲ್ ಶಾಪ್

ಒಂದು ಪ್ರಶ್ನೆ. ಈಗ ಡಾಪಾಗ್ಲಿಫ್ಲೋಜಿನ್ ತುಂಬ ಜನ ತಗೊಳ್ಳುತ್ತಾರೆ. 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಇಳಿಯಿತು. ಕಿಡ್ನಿಗೆ ಒಳ್ಳೆಯದು ಅಂತ ಬರೆಯುತ್ತಾರೆ. ಕೆಲವರು "ತುರಿಕೆ ಬಂತು" ಅಂತ ಅರ್ಧಕ್ಕೆ ಬಿಡುತ್ತಾರೆ. ಏನು ಹೇಳಬೇಕು?

ಹಳ್ಳಿ ಡಾಕ್ಟರ್

ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆ ಅದು. ಕಿಡ್ನಿ ಸೊರಗುವುದನ್ನು ನಿಧಾನ ಮಾಡುತ್ತದೆ, ಹೃದಯ ಸೋತವರಿಗೂ ಒಳ್ಳೆಯದು. ಮೂತ್ರದಲ್ಲಿ ಸಕ್ಕರೆ ಇರುವುದರಿಂದ ಜನನಾಂಗದಲ್ಲಿ ಬೂಷ್ಟು ಸೋಂಕು ಬರಬಹುದು. ನಮ್ಮಲ್ಲಿ ಮಳೆಗಾಲದಲ್ಲಿ ಒಣಗದ ಒಳಬಟ್ಟೆ ಬೇರೆ. ತೊಳೆದು ಒರೆಸಿಕೊಳ್ಳಬೇಕು, ಒಣಗಿದ ಬಟ್ಟೆ ಹಾಕಬೇಕು. ನಾಚಿಕೆ ಬಿಟ್ಟು ಹೇಳಿದರೆ ಮುಲಾಮು ಕೊಡುತ್ತೇವೆ. ವಾಂತಿ, ಭೇದಿ, ಊಟ ಸೇರದ ಜ್ವರ ಇದ್ದ ದಿನ ಈ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು. ಇದನ್ನು ಮಾತ್ರ ಪ್ರತಿಯೊಬ್ಬರಿಗೂ ಹೇಳಿ ಕೊಡಿ. ಆದರೆ ಇನ್ಸುಲಿನ್ ತಗೊಳ್ಳುವವರು ಜ್ವರ ಅಂತ ಇನ್ಸುಲಿನ್ ಪೂರ್ತಿ ಬಿಡಬಾರದು.

ತೋಟದಮನೆ, ತೀರ್ಥಹಳ್ಳಿ ಕಡೆ

ಎಲ್ಲ ನೋಡಿಸಿದೆವು. ಎಚ್‌ಬಿಎ1ಸಿ 8.6. ಅಪ್ಪನಿಗೆ ನಂಬಲಾಗಲಿಲ್ಲ. ಎಸಿಆರ್ 90, ಎರಡು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ಬಿಪಿಗೆ ಟೆಲ್ಮಿಸಾರ್ಟಾನ್ ಶುರುವಾಯಿತು. ಕಣ್ಣಲ್ಲಿ ಸಣ್ಣ ಚುಕ್ಕೆಗಳಿವೆಯಂತೆ, ಸದ್ಯಕ್ಕೆ ಚಿಕಿತ್ಸೆ ಬೇಡ ಅಂದರು. ಪಾದದಲ್ಲಿ ಆ ಎಳೆ ಹೆಚ್ಚಿನ ಕಡೆ ಗೊತ್ತಾಗಲಿಲ್ಲ. ಈಗ ಚಪ್ಪಲಿಯ ಜಗಳ. ತೋಟಕ್ಕೆ ಬರಿಗಾಲಲ್ಲೇ ಹೋಗಬೇಕು ಅನ್ನುವವರು, ಜಾರುತ್ತದೆ ಅನ್ನುತ್ತಾರೆ. ಗಮ್‌ಬೂಟ್ ಸರಿಯಾ? ಎಚ್‌ಬಿಎ1ಸಿಯನ್ನು 6ಕ್ಕೆ ಇಳಿಸಬೇಕಾ?

ಹಳ್ಳಿ ಡಾಕ್ಟರ್

6 ಬೇಡ. ಅವರ ವಯಸ್ಸಿಗೆ, ಒಬ್ಬರೇ ತೋಟದಲ್ಲಿ ಇರುವವರಿಗೆ ಶುಗರ್ ಕುಸಿದು ಬಿದ್ದರೆ ಕಷ್ಟ. 7ರ ಆಸುಪಾಸು ಸಾಕು. ಇನ್ನೂ ವಯಸ್ಸಾದವರಿಗೆ 8 ಆದರೂ ನಾವು ಒಪ್ಪುತ್ತೇವೆ.

ಹೊಸನಗರದವ

ಬೂಟಿನ ವಿಷಯ ನಾನು ಹೇಳುತ್ತೇನೆ, ಚಿಕ್ಕಪ್ಪನಿಗೆ ಕೊಡಿಸಿ ಅನುಭವ ಇದೆ. ಗಮ್‌ಬೂಟ್ ಆಗುತ್ತದೆ, ಆದರೆ ಒಳಗೆ ಹತ್ತಿಯ ಕಾಲುಚೀಲ ಬೇಕೇ ಬೇಕು. ಮಧ್ಯಾಹ್ನ ಊಟಕ್ಕೆ ಬಂದಾಗ ಕಾಲು ಒರೆಸಿ ಬೇರೆ ಜೊತೆ ಹಾಕಿಸಿ. ಬಿಳಿ ಕಾಲುಚೀಲ ತನ್ನಿ, ರಕ್ತವೋ ಕೀವೋ ಇದ್ದರೆ ಎದ್ದು ಕಾಣುತ್ತದೆ. ಖರೀದಿಗೆ ಸಂಜೆ ಹೋಗಿ, ಕಾಲು ಸ್ವಲ್ಪ ಊದಿರುತ್ತದೆ, ಆಗ ಸರಿಯಾದ ಅಳತೆ ಸಿಗುತ್ತದೆ. ಬಿಗಿ ಇದೆಯಾ ಅಂತ ಅವರನ್ನು ಕೇಳಬೇಡಿ, ಗೊತ್ತಾಗುವುದಿಲ್ಲ. ಕಾಗದದ ಮೇಲೆ ಪಾದ ಇಡಿಸಿ ಗೆರೆ ಎಳೆದು, ಕತ್ತರಿಸಿ ಬೂಟಿನೊಳಗೆ ಹಾಕಿ ನೋಡಿ. ಮಡಿಚಿದರೆ ಆ ಬೂಟು ಬೇಡ.

ಹಾಕುವ ಮೊದಲು ತಲೆಕೆಳಗೆ ಮಾಡಿ ಕೊಡವಬೇಕು. ಕಲ್ಲು, ಚೇಳು, ಉಂಬಳ ಯಾವುದಾದರೂ ಇರಬಹುದು. ಆಮೇಲೆ ಕೈ ಹಾಕಿ ಒಳಗೆ ಸವರಿ ನೋಡಿ. ಬೋರ್ಡೋ (ಕೊಳೆ ಔಷಧಿ) ಹೊಡೆಸುವ ದಿನ ಸುಣ್ಣದ ನೀರು ಬೂಟಿನೊಳಗೆ ಇಳಿದರೆ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ, ಆ ದಿನ ಕಾಲು ಎರಡು ಸಲ ತೊಳೆಸಿ. ಸಂಜೆ ಬಚ್ಚಲೊಲೆಯ ಮುಂದೆ ಕಾಲು ಚಾಚಿ ಕೂರುವುದು ನಿಲ್ಲಿಸಿ. ನೀರಿನ ಬಿಸಿಯನ್ನು ಅಮ್ಮ ಮೊಣಕೈಯಲ್ಲಿ ನೋಡಲಿ. ಹಿಮ್ಮಡಿ ಒಡಕಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಬೇಡ, ಅಲ್ಲಿ ಒಣಗಿರಬೇಕು. ಆಣಿ ಆಗಿದ್ದರೆ ಬ್ಲೇಡು ಹಿಡಿಯಬೇಡಿ. ಬಗ್ಗಿ ಅಡಿಪಾದ ನೋಡಲು ಅವರಿಗೆ ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ತೋರಿಸಿ. ನಮ್ಮನೆಯಲ್ಲಿ ಚಿಕ್ಕಪ್ಪನ ಕಾಲು ನೋಡುವ ಕೆಲಸ ಈಗ ಅವರ ಮೊಮ್ಮಗಳದು. ಟಾರ್ಚ್ ಹಿಡಿದು ಬೆರಳ ಸಂದಿಯನ್ನೂ ಬಿಡುವುದಿಲ್ಲ ಅವಳು.